ಬಾಯಮ್ಮನಿಗೆ ಕೇಳಿಸಿದ ಮಾಫಿ

ನಮ್ಮೂರಲ್ಲಿ ಮಾಫಿ ಎಂದರೆ ಮನ್ನಾ. ಇಲ್ಲಿ, ಕೊಲ್ಲಿ ದೇಶದ ಅರಬಿ ಮಾತಿನಲ್ಲಿ, ಮಾಫೀ ಎಂದರೆ 'ಇಲ್ಲ'. ದಮ್ಮಾಮಿನ ವಾಚಿನ ಅಂಗಡಿಯಲ್ಲಿ ತಲೆ ನರೆಯುವವರೆಗೆ ದುಡಿದ ನನಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಉಡುಪಿ ಕಡೆಯ ಹಿರಿಯ ಬಾಯಮ್ಮ ಒಬ್ಬರು ಹತ್ತಿರದ ರಾಸ್ ತನೂರಾದಲ್ಲಿರುವ ಮಗನ ಮನೆಗೆ ಬಂದಿದ್ದರು. ಊರಿಗೆ ಮರಳುವ ಮೊದಲು ಗಂಡನಿಗೊಂದು ವಾಚ್ ಕೊಳ್ಳಲು ಒಬ್ಬರೇ ಅಂಗಡಿಯೊಳಗೆ ಬಂದರು. ಮಗ ಹೊರಗೆ ಕಾರಿನಲ್ಲಿದ್ದ.

"ಸಾಹೇಬ್ರೇ, ನಾನು ವಿಸಿಟ್ ವೀಸಾದವಳು. ನಂಗೆ ಟ್ಯಾಕ್ಸ್ ಮಾಫಿ ಉಂಟಂತಲ್ಲ?"

ಹಾಗೊಂದು ಸೌಲಭ್ಯ ಬಂದಿದ್ದು ನಿಜ. ಹೊರದೇಶದಿಂದ ಬಂದುಹೋಗುವವರು ತೆರಿಗೆಯನ್ನು ವಿಮಾನ ನಿಲ್ದಾಣದಲ್ಲಿ ಮರಳಿ ಪಡೆಯಬಹುದು. ಆದರೆ ಅಂಗಡಿ ಅದಕ್ಕೆ ನೋಂದಣಿ ಮಾಡಿಸಿರಬೇಕು. ನಮ್ಮದು ಮಾಡಿಸಿತ್ತೋ ಇಲ್ಲವೋ ಎಂದು ಒಳಗಿದ್ದ, ಕನ್ನಡವೂ ಅಷ್ಟಿಷ್ಟು ತಿಳಿಯುವ ಅರಬ ಧನಿಗಳನ್ನು ಅರಬಿಯಲ್ಲಿ ಕೂಗಿ ಕೇಳಿದೆ. "ಮಾಫೀ!" ಎಂದರು ಅವರು.

ಬಾಯಮ್ಮನ ಮುಖ ಅರಳಿತು. "ಅಗಾ, ಧನಿಗಳೇ ಮಾಫಿ ಅಂದ್ರಲ್ಲ! ಹಾಗಾದ್ರೆ ಆ ದೊಡ್ಡದನ್ನೇ ಕೊಡಿ."

ಆ ವಾರ ವ್ಯಾಪಾರ ಸತ್ತಿತ್ತು. ನಾನು ತಿದ್ದಲಿಲ್ಲ. ಅದು ಸಾಲದೆಂಬಂತೆ, "ಬಿಲ್ಲು ಜೋಪಾನ, ಬಾಯಮ್ಮ" ಎಂದೂ ಹೇಳಿದೆ.

ಕೆಲವು ದಿನಗಳ ನಂತರ ಮಗ ಬಂದ. "ಏರ್‌ಪೋರ್ಟಲ್ಲಿ ಈ ಬಿಲ್ಲು ಆಗುದಿಲ್ಲ ಅಂದ್ರು ಅಂಕಲ್. ಅಮ್ಮ ಎಂತ ಹೇಳಿದ್ರೂ ಕೇಳ್ಲಿಲ್ಲ, ಅಂಗಡಿಯವರೇ ಮಾಫಿ ಅಂದಿದ್ದಾರೆ ಅಂತ ಒಂದೇ ಹಟ. ಎಲ್ಲರೆದುರು ಬೈದುಬಿಟ್ಟೆ ಮಾರಾಯ್ರೆ. ನೀವು ಹಾಗೆ ಹೇಳಿದ್ದುಂಟಾ?"

ಧನಿಗಳು ಗಲ್ಲಾದಲ್ಲೇ ಕೂತಿದ್ದರು. "ಬಾಯಮ್ಮನಿಗೆ ತಪ್ಪು ಕೇಳಿಸಿರಬೇಕು" ಎಂದೆ.

"ನಾನೂ ಹಾಗೇ ಅಂದ್ಕೊಂಡೆ. ಊರಲ್ಲಿ ಡಾಕ್ಟರಿಗೆ ಕಿವಿ ತೋರಿಸ್ಲಿಕ್ಕೆ ಹೇಳ್ತೇನೆ."

ಆಸರೆಯಾಗಿ ಸಿಕ್ಕಿದ ಸುಳ್ಳು ಅದು. ಅವನು ಹೋದ ಮೇಲೆ ಮರೆತೂಬಿಟ್ಟೆ.

ತಿಂಗಳುಗಳ ನಂತರ ಅವನು ತನ್ನ ಗಡಿಯಾರಕ್ಕೆ ಬ್ಯಾಟರಿ ಹಾಕಿಸಲು ಬಂದಾಗ, ಅಮ್ಮ ಹೇಗಿದ್ದಾರೆ ಎಂದು ಉಪಚಾರಕ್ಕೆ ಕೇಳಿದೆ.

"ಕಿವಿ ಸರಿ ಉಂಟಂತೆ. ಹಾಗಾದ್ರೆ ತಲೆಯದ್ದೇ ತೊಂದ್ರೆ ಅಂತಾಯ್ತಲ್ಲ? ಕಪಾಟಿನ ಬೀಗದ ಕೈ, ಬ್ಯಾಂಕಿನ ವ್ಯವಹಾರ ಎಲ್ಲ ಈಗ ತಂಗಿ ನೋಡ್ಕೊಳ್ತಾಳೆ. ಅಮ್ಮ ಏನು ಹೇಳಿದ್ರೂ ಅಪ್ಪನತ್ರ ಇನ್ನೊಮ್ಮೆ ಕೇಳ್ತೇವೆ. ಪಾಪ, ಮಾತೇ ಕಡಿಮೆ ಮಾಡಿದ್ದಾರೆ."

ನನ್ನ ಕೈಯಲ್ಲಿದ್ದ ಸಣ್ಣ ಸ್ಕ್ರೂ ಜಾರಿ ಎಲ್ಲೋ ಬಿತ್ತು. ಹುಡುಕಲಿಲ್ಲ. ಧನಿಗಳು ಕೇಳುತ್ತಿದ್ದರೂ ಆ ದಿನ ನಡೆದದ್ದನ್ನೆಲ್ಲ ಹೇಳಿದೆ. ಧನಿಗಳು ಹೇಳಿದ್ದು ಅರಬಿಯ 'ಇಲ್ಲ', ಬಾಯಮ್ಮನಿಗೆ ಕೇಳಿಸಿದ್ದು ನಮ್ಮೂರಿನ 'ಮನ್ನಾ', ಅದು ಗೊತ್ತಿದ್ದೂ ಸುಮ್ಮನಿದ್ದವನು ನಾನು.

ಮಗ ನನ್ನನ್ನು ಬಯ್ಯುತ್ತಾನೆಂದು ಕಾದೆ. ಅವನು ಮೊಬೈಲು ತೆಗೆದು ತಾಯಿಗೆ ಕರೆಮಾಡಿ, "ಅವರಿಗೇ ಹೇಳಿ" ಎಂದು ನನ್ನ ಮುಂದೆ ಹಿಡಿದ. ಪರದೆಯಲ್ಲಿ ಬಾಯಮ್ಮ ಬಡವಾಗಿ ಕಂಡರು. ತಡವರಿಸುತ್ತ ಮತ್ತೊಮ್ಮೆ ಎಲ್ಲ ಹೇಳಿದೆ.

ಬಾಯಮ್ಮ, "ಕೇಳಿತಾ ಮಗಾ? ನಂಗೆ ಸರಿಯಾಗೇ ಕೇಳಿದ್ದು. ತಂಗಿಗೆ ಈಗಲೇ ಫೋನ್ ಮಾಡು. ಬೀಗದ ಕೈ ಸಂಜೆಯೊಳಗೆ ನನ್ನ ಕೈಗೆ ಬರ್ಬೇಕು" ಎಂದರು.

ಅವನು ಫೋನನ್ನು ತನ್ನ ಕಡೆ ತಿರುಗಿಸಿಕೊಂಡ. ನನಗೆ ಬಾಯಮ್ಮ ಒಂದು ಮಾತನ್ನೂ ಹೇಳಲಿಲ್ಲ, ನಾನೂ ಮಾಫಿ ಕೇಳಲು ಬಾಯಿ ತೆರೆಯಲಿಲ್ಲ.