ಬನಹಟ್ಟಿಯ ಎರಡು ಮಗ್ಗಗಳ ನಡುವೆ ಎಪ್ಪತ್ತು ವೋಲ್ಟ್

2022ರ ಬೇಸಿಗೆ. ನಾನಾಗ ಜಮಖಂಡಿಯಲ್ಲಿ ಮನೆ ಮಾಡಿಕೊಂಡು, ಒಂದು ಖಾಸಗಿ ತಪಾಸಣಾ ಸಂಸ್ಥೆಯ ಪರವಾಗಿ ಸುತ್ತಲಿನ ತಾಲ್ಲೂಕುಗಳಲ್ಲಿ ಎಲೆಕ್ಟ್ರಿಕಲ್ ಸೇಫ್ಟಿ ಸ್ಟಡಿ ಮಾಡುವ ಎಂಜಿನಿಯರ್ ಆಗಿದ್ದೆ. ಕಟ್ಟಡಕ್ಕೆ ಬರುವ ಕರೆಂಟು ಎಲ್ಲೆಲ್ಲಿ ಹರಿಯುತ್ತದೆ, ದಾರಿ ತಪ್ಪಿದರೆ ಎಷ್ಟು ಬೇಗ ನಿಲ್ಲುತ್ತದೆ, ನಿಲ್ಲದಿದ್ದರೆ ಯಾರ ಮೈಮೇಲೆ ಹಾಯುತ್ತದೆ ಎಂದು ಅಳೆದು ಹೇಳುವ ಕೆಲಸ ಅದು. ಒಂದು ವಾರ ಸಕ್ಕರೆ ಕಾರ್ಖಾನೆ, ಮತ್ತೊಂದು ವಾರ ಆಸ್ಪತ್ರೆ, ನಡುವೆ ನೀರೆತ್ತುವ ಪಂಪ್‌ಹೌಸ್. ಇಪ್ಪತ್ತು ವರ್ಷಗಳಲ್ಲಿ ಬಹಳ ಕಡೆ ಹೋಗಿದ್ದೇನೆ. ಆದರೆ ಯಾರಾದರೂ ಕೇಳಿದರೆ ನಾನು ಹೇಳುವುದು ಬನಹಟ್ಟಿಯ ಒಂದು ಸಣ್ಣ ಪಾವರ್‌ಲೂಮ್ ಶೆಡ್ಡಿನ ಸಂಗತಿಯನ್ನೇ.

ಆ ಶೆಡ್ಡು ನೇಕಾರರ ಸಂಘವೊಂದರದ್ದು. ಒಟ್ಟು ಇಪ್ಪತ್ತು ಮಗ್ಗ. ಹನ್ನೊಂದು ಹಳೆಯ ಶೆಡ್ಡಿನಲ್ಲಿ, ಒಂಬತ್ತು ಅದಕ್ಕೆ ಹೊಂದಿಕೊಂಡು ಕಟ್ಟಿದ ಹೊಸ ಶೆಡ್ಡಿನಲ್ಲಿ. ಗಾಳಿ ಆಡಲೆಂದು ನಡುವಿನ ಗೋಡೆಯನ್ನು ಕೆಡವಿದ್ದರಿಂದ ಹೊರಗಿನವರ ಕಣ್ಣಿಗೆ ಅದು ಒಂದೇ ಉದ್ದನೆಯ ಕೋಣೆ. ಒಬ್ಬ ನೇಕಾರ ಎರಡು ಮಗ್ಗ ನೋಡಿಕೊಳ್ಳುತ್ತಾನೆ. ಎದುರುಬದುರಿನ ಎರಡರ ನಡುವೆ ನಿಂತು, ಒಂದರಲ್ಲಿ ಎಳೆ ಹರಿದರೆ ಜೋಡಿಸಿ, ತಿರುಗಿ ಇನ್ನೊಂದರ ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಬದಲಿಸುತ್ತಾನೆ. ಮಗ್ಗದ ಹತ್ತಿರ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಬೇಸಿಗೆಯಲ್ಲಿ ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆ ಒಣಗಿ ಪಟಪಟನೆ ಹರಿಯುವುದರಿಂದ ಆಗಾಗ ನೆಲಕ್ಕೆ ನೀರು ಚಿಮುಕಿಸುತ್ತಾರೆ. ಬರಿಗಾಲು, ಹಸಿ ನೆಲ, ಕಬ್ಬಿಣದ ಮಗ್ಗ, ಮೋಟರು. ನನ್ನ ಕಸುಬಿನವರಿಗೆ ಇದನ್ನು ಕೇಳಿದರೇ ಕೈ ಮೀಟರಿಗೆ ಹೋಗುತ್ತದೆ.

ಯುಗಾದಿಯಾದ ಮೇಲೆ ಅಲ್ಲಿ ಕಸ್ತೂರಿ ಎಂಬ ನೇಕಾರ ಹೆಣ್ಣುಮಗಳಿಗೆ ಶಾಕ್ ಹೊಡೆದಿತ್ತು. ಪ್ರಾಣ ಉಳಿಯಿತು, ಒಂದು ವಾರ ಆಸ್ಪತ್ರೆಯಾಯಿತು. ಸಂಘದವರು ಊರಿನ ವೈರಿಂಗ್ ಮಿಸ್ತ್ರಿಯನ್ನು ಕರೆಸಿ ತಪಾಸು ಮಾಡಿಸಿದರು. ಅವನು ಒಂದು ದಿನವಿಡೀ ನೋಡಿ, ಎಲ್ಲೂ ಸೋರಿಕೆ ಇಲ್ಲ ಎಂದು ಹೇಳಿ ಹೋದ. ಅಲ್ಲಿಗೆ ತಪ್ಪು ಕಸ್ತೂರಿಯ ಮೈಗೆ ಬಂತು. ಅವಳ ಮಗ್ಗಗಳನ್ನು ತಾತ್ಕಾಲಿಕವಾಗಿ ಮೈದುನನಿಗೆ ಕೊಟ್ಟು, ಅವಳನ್ನು ಮನೆಯಲ್ಲಿ ಕಂಡಿಕೆ ಸುತ್ತಲು ಕೂರಿಸಿದ್ದರು. ಬರುವ ಅಮವಾಸ್ಯೆಯ ಸಭೆಯಲ್ಲಿ ಅವು ಖಾಯಮ್ಮಾಗಿ ಅವನ ಹೆಸರಿಗೆ ಆಗುವುದಿತ್ತು. ಈ ನಡುವೆ ಸರ್ಕಾರದ ಅಧಿಕಾರಿಯೊಬ್ಬರು ಪೂರ್ತಿ ಸ್ಟಡಿ ಮಾಡಿಸಲೇಬೇಕೆಂದು ಹೇಳಿದ್ದರಿಂದ ನನಗೆ ಕರೆ ಬಂತು. ಸಭೆಗೆ ಇನ್ನೊಂದು ವಾರವಿತ್ತು.

ಬೆಳಗಿನ ಬಸ್ಸಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆ. ಶೆಡ್ಡಿನ ಮೇಲ್ವಿಚಾರಕ ಈರಣ್ಣ ಬಾಗಿಲಲ್ಲೇ ಕಾಯುತ್ತಿದ್ದರು. ಬಾಗಿಲ ಪಕ್ಕದಲ್ಲಿ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆ, ಅದರ ಮೇಲೆ ಸಾಲಾಗಿ ಚಪ್ಪಲಿ. ನಾನೂ ಬಿಚ್ಚಬೇಕೋ ಎಂದು ನೋಡಿದೆ. ನನ್ನ ರಬ್ಬರ್ ಸೋಲಿನ ಬೂಟು ಕಂಡು ಈರಣ್ಣ ತಾವೇ, “ನಿಮಗ ಮಾಫ್ ಐತ್ರಿ ಅಕ್ಕಾರ, ನೀವು ಡಾಕ್ಟರ್ ಇದ್ದಂಗ” ಅಂದರು.

ಇನ್ಸುಲೇಶನ್ ಅಳೆಯುವ ಮೆಗ್ಗರ್ ಎಂಬ ಉಪಕರಣ ನನ್ನ ಹತ್ತಿರ ಹಿಡಿ ತಿರುಗಿಸುವ ಹಳೆಯ ಮಾದರಿಯದಿತ್ತು. ಅದನ್ನು ಹೊರತೆಗೆದಾಗ ಒಬ್ಬ ನೇಕಾರ ಬಗ್ಗಿ ನೋಡಿ, “ಇದರಾಗ ಹಾಡು ಬರತಾವೇನ್ರಿ?” ಎಂದು ಕೇಳಿದ. “ಹಾಡಲ್ಲೋ, ನಿನ್ನ ಮಗ್ಗದ ಹಣೇಬಾರ ಬರತೈತಿ” ಎಂದು ಈರಣ್ಣನೇ ಉತ್ತರ ಕೊಟ್ಟರು.

ಶಾಕ್ ಹೇಗಾಯಿತೆಂದು ಕೇಳಿದೆ. ಹತ್ತು ಜನ ಹತ್ತು ಮಾತು ಹೇಳಿದರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ. ಹತ್ತು ಮಂದಿ ಅದೇ ನೀರು ಚಿಮುಕಿಸಿದ ಶೆಡ್ಡಿನಲ್ಲಿ ಬರಿಗಾಲಲ್ಲಿ ನಿಂತಿದ್ದರು, ಹೊಡೆದದ್ದು ಅವಳೊಬ್ಬಳಿಗೇ.

“ಕೆಲವರದು ಕರೆಂಟ್ ಹಿಡಿಯೂ ಮೈ ಇರತೈತ್ರಿ,” ಎಂದರು ಈರಣ್ಣ. “ಮಿಸ್ತ್ರಿನೂ ಅದನ್ನ ಅಂದ.”

“ಮಿಸ್ತ್ರಿ ಯಾವತ್ತು ತಪಾಸು ಮಾಡಿದ್ದು?”

“ಅಮವಾಸಿ ದಿನಾರಿ. ಬ್ಯಾರೆ ದಿನ ಮಗ್ಗ ನಿಲ್ಲಸಾಕ ಆಗತೈತೇನ್ರಿ?”

ಇಲ್ಲಿ ಅಮವಾಸ್ಯೆಗೆ ಮಗ್ಗ ಆಡುವುದಿಲ್ಲ. ಆದ್ದರಿಂದ ರಿಪೇರಿ, ಸ್ವಚ್ಛ ಮಾಡುವುದು, ತಪಾಸು ಎಲ್ಲವನ್ನೂ ಆ ದಿನಕ್ಕೇ ಇಟ್ಟುಕೊಳ್ಳುವುದು ರೂಢಿ. ಮಗ್ಗದ ಸ್ಟಾರ್ಟರುಗಳೆಲ್ಲ ಬಂದ್ ಇರುವ ದಿನ ಮೋಟರಿಗೆ ಕರೆಂಟೇ ಇರುವುದಿಲ್ಲ. ಇಲ್ಲದ ಕರೆಂಟು ಎಲ್ಲಿಂದ ಸೋರಬೇಕು? ಮಿಸ್ತ್ರಿ ಕಂಡದ್ದನ್ನು ಸುಳ್ಳು ಹೇಳಿರಲಿಲ್ಲ. ಅವನು ನೋಡಿದ ದಿನ ಅಲ್ಲಿ ಕಾಣುವಂಥದ್ದೇನೂ ಇರಲಿಲ್ಲ, ಅಷ್ಟೇ.

ಊಟದ ಹೊತ್ತಿಗೆ ಕಸ್ತೂರಿಯ ಮನೆಗೆ ಹೋದೆ. ಎರಡು ಓಣಿ ಆಚೆ. ಸುಮಾರು ಮೂವತ್ತರ ಹೆಣ್ಣುಮಗಳು, ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತಾ ಕುಳಿತಿದ್ದಳು. ಅವಳ ಅತ್ತೆ ನೀಲವ್ವ ನನ್ನನ್ನು ಒಳಗೆ ಕರೆದು ಚಾಪೆ ಹಾಸಿದರು. ಮಾತೆಲ್ಲ ಮೊದಲು ಅವರದೇ.

“ಆಕೀಗೇನ ಕೇಳತೀರಿ ಅಕ್ಕಾರ? ಆಕೀ ಮೈನ ಅಂಥಾದ್ದು. ಮದವಿಯಾಗಿ ಬಂದ ವರ್ಷ ರೇಡಿಯೋ ಮುಟ್ಟಿದ್ರೂ ಜುಮ್ ಅಂತೈತಿ ಅಂತಿದ್ಲು.”

“ರೇಡಿಯೋದ ವಾಯರ್ ಇಲಿ ಕಡದಿತ್ತು ಅತ್ತಿ,” ಎಂದಳು ಕಸ್ತೂರಿ, ತಲೆ ಎತ್ತದೆ.

“ಹೌದು, ಇಲೀಗೂ ನಿನ್ನ ಮ್ಯಾಲ ಸಿಟ್ಟು!”

ನಾನು ಕಸ್ತೂರಿಯ ಕೈ ನೋಡಬೇಕೆಂದೆ. ಅವಳು ಎರಡೂ ಅಂಗೈ ಮುಂದೆ ಚಾಚಿದಳು. ಬಲಗೈಯ ಎರಡು ಬೆರಳಲ್ಲಿ ಸುಟ್ಟ ಕಲೆ. ಎಡಗೈಯ ಅಂಗೈ ಬುಡದಲ್ಲಿ ಇನ್ನೊಂದು.

“ಕಾಲಿಗೆ?”

“ಕಾಲಿಗೆ ಏನೂ ಆಗಿಲ್ರಿ.”

“ಆವಾಗ ಎರಡೂ ಕೈ ಎಲ್ಲಿದ್ದವು?”

ಅವಳು ಎದ್ದು ನಿಂತು ತೋರಿಸಿದಳು. ಎಡಗೈ ಒಂದು ಮಗ್ಗದ ಚೌಕಟ್ಟಿನ ಮೇಲೆ, ಅರ್ಧ ತಿರುಗಿ ಬಲಗೈ ಇನ್ನೊಂದರ ಹಿಡಿಕೆಯ ಕಡೆಗೆ. “ಹನ್ನೊಂದನೇದ್ದು ಹಿಡಕೊಂಡಿದ್ನಿರಿ, ಹನ್ನೆರಡನೇದ್ದು ನಿಲ್ಲಸಾಕ ಹ್ವಾದ್ನಿ. ಅಷ್ಟ ಗೊತ್ತು.” ಕೈ ಇಳಿಸಿ, “ನಾ ಮಗ್ಗಕ್ಕ ಹೊಳ್ಳಿ ಹೋಗಬಹುದೇನ್ರಿ? ಈ ಕಂಡಿಕಿ ಸುತ್ತೂದು ಮುದುಕ್ಯಾರ ಕೆಲಸ” ಎಂದಳು.

“ಮುದುಕಿ ಇಲ್ಲೇ ಕುಂತಾಳ, ಕೇಳತೈತಿ,” ಎಂದರು ನೀಲವ್ವ. ಆಮೇಲೆ ನನ್ನ ಕಡೆ ತಿರುಗಿದಾಗ ಅವರ ದನಿ ಬೇರೆಯಾಗಿತ್ತು. “ಮಗ್ಗ ಹ್ವಾದ್ರ ಇನ್ನೊಂದು ಸಿಗತೈತ್ರಿ. ಸೊಸೀನ ನಾ ಎಲ್ಲಿಂದ ತರ್ಲಿ?”

ಹಸಿ ನೆಲದಿಂದ ಶಾಕ್ ಆಗಿದ್ದರೆ ಕರೆಂಟು ಕೈಯಿಂದ ಕಾಲಿಗೆ ಇಳಿಯಬೇಕಿತ್ತು. ಇವಳಲ್ಲಿ ಅದು ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯನ್ನು ದಾಟಿ ಹೋಗಿತ್ತು. ಹನ್ನೊಂದು ಹಳೆಯ ಶೆಡ್ಡಿನ ಕೊನೆಯ ಮಗ್ಗ, ಹನ್ನೆರಡು ಹೊಸ ಶೆಡ್ಡಿನ ಮೊದಲನೆಯದು. ಉಳಿದ ಎಲ್ಲರ ಜೋಡಿ ಮಗ್ಗಗಳೂ ಒಂದೇ ಶೆಡ್ಡಿನವು. ಕೆಡವಿದ ಗೋಡೆ ಇದ್ದ ಜಾಗದಲ್ಲಿ ನಿಂತು ಆ ಶೆಡ್ಡಿಗೊಂದು, ಈ ಶೆಡ್ಡಿಗೊಂದು ಕೈ ಹಚ್ಚುತ್ತಿದ್ದವಳು ಇಪ್ಪತ್ತು ಮಗ್ಗಗಳಿಗೆ ಅವಳೊಬ್ಬಳೇ. ಈಗ ಅದೇ ಜಾಗದಲ್ಲಿ ಅವಳ ಮೈದುನ ನಿಲ್ಲುತ್ತಿದ್ದ. ಎರಡು ಮಗ್ಗಗಳನ್ನು ಒಟ್ಟಿಗೆ ಹಿಡಿಯುವ ಗಳಿಗೆ ಅವನಿಗಿನ್ನೂ ಬಂದಿರಲಿಲ್ಲ, ಅಷ್ಟೇ. ರೊಟ್ಟಿ ಗಂಟು ಬಿಚ್ಚದೆ ಶೆಡ್ಡಿಗೆ ಮರಳಿ, ಮೊದಲು ಅವನನ್ನು ಹೊರಗೆ ಕರೆಸಿ ಆ ಸಂದಿಗೆ ಹಗ್ಗ ಕಟ್ಟಿಸಿದೆ.

ಆಮೇಲೆ ಎಲ್ಲರನ್ನೂ ಹೊರಗೆ ನಿಲ್ಲಿಸಿ, ರಬ್ಬರ್ ಕೈಗವಸು ಹಾಕಿಕೊಂಡ ಈರಣ್ಣನಿಂದ ಹೊಸ ಶೆಡ್ಡಿನ ಮಗ್ಗಗಳನ್ನಷ್ಟೇ ಚಾಲೂ ಮಾಡಿಸಿದೆ. ವೋಲ್ಟ್‌ಮೀಟರಿನ ಒಂದು ತಂತಿಯನ್ನು ಹನ್ನೊಂದನೆಯ ಮಗ್ಗದ ಮೈಗೆ, ಇನ್ನೊಂದನ್ನು ಹನ್ನೆರಡನೆಯದಕ್ಕೆ ಹಚ್ಚಿದೆ. ಎಪ್ಪತ್ತು ವೋಲ್ಟ್. ಒಂದೊಂದೇ ಮಗ್ಗ ನಿಲ್ಲಿಸುತ್ತಾ ಬರಲು ಹೇಳಿದೆ. ಹದಿನೈದನೆಯದು ನಿಂತ ಕೂಡಲೇ ಮೀಟರು ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಕಸ್ತೂರಿ ಮುಟ್ಟಿದ ಮಗ್ಗಕ್ಕೆ ಯಾವ ದೋಷವೂ ಇರಲಿಲ್ಲ. ಅಲ್ಲಿಂದ ಮೂರು ಮಗ್ಗ ಆಚೆಯ ಮೋಟರಿನ ಒಳಸುತ್ತು ಕೆಟ್ಟು ಕರೆಂಟು ಕಬ್ಬಿಣಕ್ಕೆ ಸೋರುತ್ತಿತ್ತು. ಹೊಸ ಶೆಡ್ಡಿನ ಒಂಬತ್ತೂ ಮಗ್ಗಗಳ ಅರ್ಥ್ ತಂತಿ ಒಂದೇ ಆದ್ದರಿಂದ ಎಲ್ಲದರ ಮೈಗೂ ಅದು ಹಬ್ಬಿತ್ತು.

“ನಿಮಗೆ ಯಾರಿಗೂ ಏನೂ ಅನ್ನಿಸಿರಲಿಲ್ಲವೇ?” ಎಂದು ಹೊಸ ಶೆಡ್ಡಿನವರನ್ನು ಕೇಳಿದೆ.

“ಜುಮ್ ಅಂತಿತ್ರಿ,” ಎಂದ ಒಬ್ಬ. “ದಿನಾ ಅಂತಿತ್ತು. ಹೊಸಾ ಮಗ್ಗ, ಹಂಗ ಇರಬೇಕು ಅನಕೊಂಡ್ವಿ.” ಅವರು ಕಾಲು ನೋಯಬಾರದೆಂದು ಮಗ್ಗದ ಮುಂದೆ ಮರದ ಹಲಗೆ ಹಾಕಿಕೊಂಡಿದ್ದರು. ಅವರನ್ನು ಕಾಯ್ದದ್ದು ಆ ಹಲಗೆ.

ಸೋರಿದ ಕರೆಂಟು ನೆಲಕ್ಕೆ ಇಳಿದು ಹೋಗಲೆಂದೇ ಅರ್ಥ್ ಗುಂಡಿ ಇರುತ್ತದೆ. ಕೊಳವೆಯೊಂದನ್ನು ಹೂತು, ಸುತ್ತ ಉಪ್ಪು, ಇದ್ದಿಲು ತುಂಬಿ, ಬೇಸಿಗೆಯಲ್ಲಿ ಅದಕ್ಕೆ ನೀರುಣಿಸಬೇಕು. ಇಲ್ಲಿ ಶೆಡ್ಡಿಗೊಂದು ಗುಂಡಿ. ರೆಸಿಸ್ಟೆನ್ಸ್ ಕಡಿಮೆ ಇದ್ದಷ್ಟೂ ಒಳ್ಳೆಯದು; ಹಳೆಯ ಶೆಡ್ಡಿನ ಗುಂಡಿಯದು ಮೂರು ಓಮ್ ಇತ್ತು, ಚೆನ್ನಾಗಿತ್ತು. ಹೊಸದರದು, ಪ್ಯಾನೆಲಿನ ಅರ್ಥ್ ತಂತಿಯಿಂದಲೇ ಅಳೆದಾಗ, ಮೂವತ್ತಾರು ತೋರಿಸಿತು. ಅಂದರೆ ಕರೆಂಟಿಗೆ ಸಲೀಸಾಗಿ ಇಳಿಯಲು ದಾರಿಯಿಲ್ಲದಷ್ಟು ಒಣಗಿತ್ತು. ಎಪ್ಪತ್ತು ವೋಲ್ಟಿಗೆ ಮೂವತ್ತಾರು ಓಮ್ ಎಂದರೆ ಸೋರಿಕೆ ಸುಮಾರು ಎರಡು ಆಂಪಿಯರ್; ಅಷ್ಟಕ್ಕೆ ಫ್ಯೂಸ್ ಹೋಗುವುದಿಲ್ಲ. ಅಂಥ ಸಣ್ಣ ಸೋರಿಕೆಗೂ ತಾನೇ ಬಿದ್ದು ಕರೆಂಟು ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಪ್ಯಾನೆಲಿನಲ್ಲಿತ್ತು, ಆದರೆ ಅದು ಕೆಲಸ ಮಾಡದಂತೆ ಪಕ್ಕದಿಂದ ತಂತಿ ಹಾಕಿ ದಾಟಿಸಿದ್ದರು.

“ನೀರು ಹೊಡದಾಗೊಮ್ಮೆ ಬೀಳ್ತಿತ್ರಿ,” ಎಂದರು ಈರಣ್ಣ. “ನೀರಿನ ಸಲುವಾಗಿ ಅಂತ ನಾನ ತಂತಿ ಹಾಕಿದ್ನಿ.”

“ಅದು ಹದಿನೈದನೆಯ ಮಗ್ಗದ ಮೇಲೆ ಚಾಡಿ ಹೇಳುತ್ತಿತ್ತು, ಈರಣ್ಣ. ಹೊಸ ಶೆಡ್ಡಿನ ಗುಂಡಿ ಎಲ್ಲಿದೆ?”

ಅವರು ಬಾಗಿಲ ಕಡೆ ನೋಡಿದರು. ಉಳಿದವರೂ ನೋಡಿದರು. ಕೊನೆಗೆ ಈರಣ್ಣ, “ಕಟ್ಟಿ ಬುಡಕ ಐತ್ರಿ,” ಎಂದರು. ಮಗ್ಗಕ್ಕೆ ಮರ್ಯಾದೆ ಎಂದು ಚಪ್ಪಲಿ ಬಿಡುತ್ತಿದ್ದವರು, ಚಪ್ಪಲಿ ಮಣ್ಣಾಗಬಾರದೆಂದು ಕಟ್ಟೆ ಕಟ್ಟಿ, ಗುಂಡಿಯ ಬಾಯಿಯನ್ನು ಸಿಮೆಂಟಿನಿಂದ ಮುಚ್ಚಿಬಿಟ್ಟಿದ್ದರು. ಒಳಗಿನ ನೆಲಕ್ಕೆ ದಿನಾ ನೀರು ಸಿಗುತ್ತಿತ್ತು, ನೀರು ಬೇಕಾದ ಗುಂಡಿಗೆ ಒಂದು ಹನಿಯೂ ಇರಲಿಲ್ಲ.

“ಒಡದ್ರ ಚಪ್ಪಲಿ ಎಲ್ಲಿ ಬಿಡೂನ್ರಿ?” ಎಂದು ಯಾರೋ ಕೇಳಿದರು.

“ನಿನ್ನ ತಲೀ ಮ್ಯಾಲ ಬಿಡು,” ಎಂದು ಈರಣ್ಣ ಹಾರೆ ತರಿಸಿದರು.

ಅಷ್ಟರಲ್ಲಿ ಸುದ್ದಿ ಓಣಿಗೆ ಮುಟ್ಟಿ ಅತ್ತೆ ಸೊಸೆ ಇಬ್ಬರೂ ಬಂದಿದ್ದರು. ನಾನು ಹದಿನೈದನೆಯ ಮಗ್ಗ ಒಂದನ್ನೇ ಚಾಲೂ ಮಾಡಿಸಿ, ಹಗ್ಗದಾಚೆ ನಿಂತ ಅವರಿಗೆ ಮೀಟರಿನ ಎಪ್ಪತ್ತು ತೋರಿಸಿದೆ. ಕಸ್ತೂರಿ ಅದನ್ನು ಬಹಳ ಹೊತ್ತು ನೋಡಿದಳು.

“ಅತ್ತಿ, ಈ ಡಬ್ಬಿದೂ ಕರೆಂಟ್ ಹಿಡಿಯೂ ಮೈ ಐತೇನ?”

ಜನ ಗೊಳ್ಳೆಂದು ನಕ್ಕರು. ನೀಲವ್ವ ನಗಲಿಲ್ಲ.

ಮುಂದಿನ ನಾಲ್ಕು ದಿನ ಹೊಸ ಶೆಡ್ಡು ಬಂದ್ ಇತ್ತು. ಕಟ್ಟೆ ಒಡೆದಾಗ ಗುಂಡಿಯೊಳಗಿನ ಇದ್ದಿಲು ಒಲೆಯ ಬೂದಿಯಂತೆ ಹಾರಿತು. ಮೊದಲ ಮೂರು ಕೊಡ ನೀರು ಸದ್ದಿಲ್ಲದೆ ಇಂಗಿಹೋಯಿತು. ಇನ್ನೊಂದು ಹೊಸ ಗುಂಡಿ ತೋಡಿಸಿ, ಎರಡೂ ಶೆಡ್ಡಿನ ಅರ್ಥಿಂಗನ್ನು ದಪ್ಪ ಕಬ್ಬಿಣದ ಪಟ್ಟಿಯಿಂದ ಒಂದು ಮಾಡಿಸಿದೆ. ಹೀಗೆ ಒಂದಾದ ಮೇಲೆ ಎರಡು ಮಗ್ಗಗಳ ಮೈ ನಡುವೆ ವೋಲ್ಟೇಜ್ ಉಳಿಯಲು ಜಾಗವಿಲ್ಲ. ಕೆಟ್ಟ ಮೋಟರು ಬಿಚ್ಚಿ ಕಳಿಸಿದರು. ಈರಣ್ಣ ತಾವು ಹಾಕಿದ ತಂತಿಯನ್ನು ತಾವೇ ಕಿತ್ತರು. ಬರಿಗಾಲಿನ ವಿಷಯ ನಾನು ಎತ್ತಿದಾಗ ಒಪ್ಪಿಗೆ ಸಿಗಲಿಲ್ಲ. ಎಲ್ಲ ಮಗ್ಗಗಳ ಮುಂದೆಯೂ ರಬ್ಬರ್ ಮ್ಯಾಟ್ ಹಾಸಲು ಒಪ್ಪಿದರು, ನನಗೂ ಅಷ್ಟೇ ಬೇಕಿತ್ತು.

ಅಮವಾಸ್ಯೆಯ ಹಿಂದಿನ ದಿನ ಎಲ್ಲ ಮಗ್ಗಗಳನ್ನೂ ಚಾಲೂ ಮಾಡಿ ಮತ್ತೆ ಅಳೆದೆ. ಹನ್ನೊಂದು, ಹನ್ನೆರಡರ ನಡುವೆ ಒಂದು ವೋಲ್ಟೂ ಇರಲಿಲ್ಲ. ಮಗ್ಗ ನಿಲ್ಲಿಸದೆ, ಬಾಗಿಲಲ್ಲಿ ಅತ್ತೆಯ ಜೊತೆ ನಿಂತಿದ್ದ ಕಸ್ತೂರಿಯನ್ನು ಕೈಸನ್ನೆಯಿಂದ ಕರೆದೆ. ಅವಳು ಎರಡು ಹೆಜ್ಜೆ ಬಂದು ನಿಂತಳು. ಮೀಟರು ತೋರಿಸಿದೆ, ತಲೆಯಾಡಿಸಿದಳು. ಆದರೂ ಕೈ ಮುಂದೆ ಬರಲಿಲ್ಲ.

ನೀಲವ್ವ ಸೆರಗು ಸಿಗಿಸಿಕೊಂಡು ಮುಂದೆ ಬಂದರು. “ಸರಿ ಬೇ,” ಎಂದು ಸೊಸೆಯನ್ನು ಪಕ್ಕಕ್ಕೆ ಸರಿಸಿ, ನಾನು ಏನಾದರೂ ಅನ್ನುವ ಮೊದಲೇ ಎರಡು ಮಗ್ಗಗಳ ಮೇಲೆ ಎರಡು ಕೈ ಊರಿ ನಿಂತರು. ಮಗ್ಗದ ಸದ್ದಿನಲ್ಲಿ ಅವರು ಕಣ್ಣು ಮುಚ್ಚಿ ಏನು ಅಂದುಕೊಂಡರೋ ಕೇಳಿಸಲಿಲ್ಲ. ಕಣ್ಣು ತೆರೆದು ನನ್ನ ಕಿವಿಯ ಹತ್ತಿರ ಬಂದು ಕೂಗಿದರು: “ಸಭಾದಾಗ ಹೇಳ್ರಿ ಅಕ್ಕಾರ, ಈ ಮಗ್ಗ ನನ್ನ ಸೊಸೀವು.”

ಮರುದಿನ ಸಭೆಯಲ್ಲಿ ನಾನು ಹೇಳುವ ಅಗತ್ಯವೇ ಬರಲಿಲ್ಲ. ಮೈದುನನೇ ಎದ್ದು ಮಗ್ಗಗಳನ್ನು ಅವಳಿಗೆ ಬಿಟ್ಟುಕೊಟ್ಟ.

ಆಮೇಲೆ ನಾನು ಅಪಘಾತವಾದ ಯಾವ ಕಟ್ಟಡಕ್ಕೆ ಹೋದರೂ ಪೆಟ್ಟಿಗೆ ಬಿಚ್ಚುವ ಮೊದಲು ಶಾಕ್ ತಿಂದವರನ್ನು ಹುಡುಕಿಕೊಂಡು ಹೋಗುತ್ತೇನೆ. ಎಲ್ಲಿ ನಿಂತಿದ್ದಿರಿ, ಯಾವ ಕೈ ಎಲ್ಲಿತ್ತು ಎಂದು ಕೇಳುತ್ತೇನೆ. ಕರೆಂಟು ಮನುಷ್ಯರನ್ನು ಆರಿಸಿ ಹಿಡಿಯುವುದಿಲ್ಲ. ಹತ್ತು ಜನರಲ್ಲಿ ಒಬ್ಬರನ್ನೇ ಹಿಡಿಯಿತು ಎಂದರೆ ಆ ಒಬ್ಬರು ನಿಂತ ಜಾಗದಲ್ಲಿ ಉಳಿದ ಒಂಬತ್ತು ಜನ ಯಾವತ್ತೂ ನಿಂತಿಲ್ಲ. ಅಳೆಯಲು ಶುರು ಮಾಡಬೇಕಾದದ್ದು ಅಲ್ಲಿಂದ, ಅದೂ ಯಂತ್ರ ಓಡುತ್ತಿರುವಾಗ.