ಹಾಡಿನ ಕೆಳಗಿನ ದನಿ

ಅವರ ಬಲಭುಜ ಎಡಭುಜಕ್ಕಿಂತ ಒಂದು ಹಿಡಿ ತಗ್ಗಾಗಿತ್ತು. ಪ್ರಾಯದಿಂದಲೂ ಮದುವೆ ಮನೆಗಳಲ್ಲಿ ಭಾರದ ವಿಡಿಯೋ ಕ್ಯಾಮೆರಾ ಹೊತ್ತು ಹೊತ್ತು ಆದದ್ದು. ಯಾವ ದರ್ಜಿ ಹೊಲಿದರೂ ಅಂಗಿಯ ಬಲತೋಳು ಜೋಲುತ್ತಿತ್ತು. ಇನ್ನು ಎಡಗಣ್ಣು, ಯಾರನ್ನಾದರೂ ಗಮನವಿಟ್ಟು ನೋಡಬೇಕೆಂದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕ್ಯಾಮೆರಾ ಬಿಟ್ಟ ಮೇಲೂ ಆ ಚಾಳಿ ಹೋಗಲಿಲ್ಲ. ಬೀದಿಗೆ ಹೊಸದಾಗಿ ಬಂದ ಸೊಸೆಯರು ‘ಆ ಮುದುಕ ನನಗೆ ಕಣ್ಣು ಹೊಡೆದ’ ಎಂದು ದೂರು ತಂದು ಅತ್ತೆಯರ ನಗೆಗೆ ಈಡಾದದ್ದುಂಟು.

ಚಿತ್ರದುರ್ಗದ ಕೋಟೆ ಮಗ್ಗುಲಿನ ನಮ್ಮ ಬೀದಿಯಲ್ಲಿ ಅವರ ಮನೆ ನಮಗಿಂತ ಎರಡು ಬಾಗಿಲು ಆಚೆ. ಊರಿಗೆಲ್ಲ ಅವರು ವಿಡಿಯೋ ಸಾಹೇಬರು. ಅವರ ಹಿರಿಯರು ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ‘ನಮ್ಮಜ್ಜ ತಾಮ್ರಕ್ಕೆ ಹೊಳಪು ಕೊಡ್ತಿದ್ದ, ನಾನು ಮನುಷ್ಯರಿಗೆ ಕೊಡ್ತೀನಿ’ ಎನ್ನುತ್ತಿದ್ದರು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಎಲ್ಲಿ ಚಪ್ಪರ ಎದ್ದರೂ ಅವರು ಹಾಜರು. ಮದುವೆ ಮುಗಿದ ಮೇಲೆ ಹೊಸ ಜೋಡಿಯನ್ನು ಮಾರಿಕಣಿವೆ ಅಣೆಕಟ್ಟಿಗೆ ಕರೆದೊಯ್ದು ಕಟ್ಟೆಯ ಮೇಲೆ ಕೈ ಹಿಡಿಸಿ ನಡೆಸುತ್ತಿದ್ದರು. ಹುಡುಗಿ ನಾಚಿ ತಲೆ ತಗ್ಗಿಸಿದರೆ ‘ನಗವ್ವ, ಇದೇನ್ ಸಾವಿನ ಮನೆಯಾ?’ ಎಂದು ಗದರುವುದು. ಅದಕ್ಕೆಲ್ಲ ಆ ವರ್ಷದ ಸಿನಿಮಾ ಹಾಡನ್ನು ಮೊದಲಿಂದ ಕೊನೆಯವರೆಗೂ ಬಳಿಯುವುದು. ಮಂತ್ರವಿಲ್ಲ, ಮಾತಿಲ್ಲ, ಅಳುವಿಲ್ಲ, ಬರೀ ಹಾಡು.

ಅವರ ಇನ್ನೊಂದು ವಿಚಿತ್ರವೆಂದರೆ, ಏನು ನೋಡಿದರೂ ಸದ್ದು ಬಂದ್ ಮಾಡಿಯೇ ನೋಡುವುದು. ಕ್ರಿಕೆಟ್ಟಾಗಲಿ, ಧಾರಾವಾಹಿಯಾಗಲಿ, ಅವರ ಮನೆಯ ಟಿವಿ ಮೂಕ. ‘ಕಣ್ಣು ಸುಳ್ಳು ಹೇಳಲ್ಲ, ಕಿವಿ ಚಾಡಿ ಹೇಳ್ತೈತೆ’ ಎಂಬುದು ಅವರ ಗಾದೆ. ಹೇಗಿದ್ದರೂ ಮೇಲೆ ಹಾಡು ಕೂರಿಸುವುದು ತಾನೇ ಎಂದು ಕೆಲಸ ಮಾಡುವಾಗಲೂ ಸದ್ದು ಹಾಕುತ್ತಿರಲಿಲ್ಲವಂತೆ.

ಕಂಡಕಂಡವರೆಲ್ಲ ಮೊಬೈಲಿನಲ್ಲಿ ಮದುವೆ ತೆಗೆಯತೊಡಗಿದ ಮೇಲೆ ಸ್ಟುಡಿಯೋ ಮುಚ್ಚಿತು. ಅವರು ಕೈಕಟ್ಟಿ ಕೂರುವ ಜನವಲ್ಲ. ಮನೆಯ ಮಾಳಿಗೆಯ ಮೇಲೆ ಹಳೆಯ ಕಂಪ್ಯೂಟರೊಂದನ್ನು ಇಟ್ಟು, ತಾವು ತೆಗೆದ ಮದುವೆಗಳನ್ನೆಲ್ಲ ಅದಕ್ಕೆ ತುಂಬಿ, ಅಲ್ಲಿಂದ ಬೀದಿಯ ಮನೆಗಳಿಗೆ ತಂತಿ ಎಳೆದರು. ನಮ್ಮ ಟಿವಿಯಲ್ಲಿ ಒಂದು ಗುಂಡಿ ಒತ್ತಿದರೆ ಬೀದಿಯ ಮದುವೆಗಳೆಲ್ಲ ಸಾಲಾಗಿ ಕಾಣುತ್ತಿದ್ದವು. ಅದನ್ನು ಸರ್ವರ್ ಎನ್ನಬೇಕಂತೆ. ಅವರ ಬಾಯಲ್ಲಿ ಅದು ‘ಪೆಟ್ಟಿಗೆ’.

ಆ ಸಾಲಿನಲ್ಲಿ ನನ್ನ ತಂಗಿಯ ಮದುವೆಯೂ ಇತ್ತು. ಮದುವೆಯಾದ ಮರುವರ್ಷವೇ ಹೆರಿಗೆಯಲ್ಲಿ ಅವಳು ಹೋದಳು, ಮಗುವೂ ಉಳಿಯಲಿಲ್ಲ. ಆಗ ನಮ್ಮಂಥವರ ಫೋನಿನಲ್ಲಿ ದನಿ ಹಿಡಿದಿಡುವ ರೂಢಿ ಇರಲಿಲ್ಲ. ಉಳಿದದ್ದು ಮದುವೆಯ ವಿಡಿಯೋ ಒಂದೇ. ಅಮ್ಮ ಅದನ್ನು ಎಷ್ಟು ಸಲ ನೋಡಿದಳೋ. ಆಮೇಲೆ ಸಕ್ಕರೆ ಕಾಯಿಲೆ ಅಮ್ಮನ ಕಾಲಿನ ಶಕ್ತಿ ತಿಂದಿತು, ಅದರ ಹಿಂದೆಯೇ ಎರಡು ಕಣ್ಣನ್ನೂ ತಿಂದಿತು.

ಕಣ್ಣು ಹೋದ ಮೇಲೆ ಬಂದ ತಂಗಿಯ ತಿಥಿಯ ದಿನ ವಾಡಿಕೆಯಂತೆ ನಾನು ವಿಡಿಯೋ ಹಾಕಿದೆ. ಅಮ್ಮ ಸ್ವಲ್ಪ ಹೊತ್ತು ಮುಖವೆತ್ತಿ ಕೂತಿದ್ದಳು. ‘ಏನೇ ಇದು, ಬರೀ ಹಾಡು ಕೇಳ್ತೈತೆ? ನನ್ ಮಗಳೆಲ್ಲಿ?’ ಎಂದಳು. ಅಷ್ಟು ವರ್ಷ ನೋಡಿದ್ದೆವಲ್ಲ, ಅದರಲ್ಲಿ ಅವಳ ಒಂದು ಮಾತೂ ಇಲ್ಲವೆಂಬುದು ನಮಗೆ ಹೊಳೆದೇ ಇರಲಿಲ್ಲ. ನಾನು ನೆಟ್ಟಗೆ ಹೋಗಿ ಸಾಹೇಬರ ಮುಂದೆ ನಿಂತು ಬಾಯಿಗೆ ಬಂದದ್ದು ಅಂದೆ. ನಿಮ್ಮ ಹಾಡಿಗಿಷ್ಟು ಮಣ್ಣು ಹಾಕ, ಹುಡುಗಿಯ ದನಿ ಎಲ್ಲಿ ಹೂತಿದ್ದೀರಿ ಎಂದೆ.

ಅವರು ಎಡಗಣ್ಣು ಮುಚ್ಚಿ ನನ್ನನ್ನೇ ನೋಡಿದರು. ‘ಒಂದೇ ಟೇಪಿನಾಗೆ ಒಂದರ ಮೇಲೊಂದು ಮದುವೆ ತೆಗ್ದೀನವ್ವ. ಉಳಿದೈತೋ ಇಲ್ಲೋ. ನೋಡಾಣ ತಡಿ’ ಎಂದರು.

ಉಳಿದಿತ್ತು. ಯಾವುದೋ ಟ್ರಂಕಿನ ತಳದಲ್ಲಿ ಅವಳ ಮದುವೆಯ ಮೂಲ ಟೇಪು ಒಂದು, ಬೂಷ್ಟು ಹಿಡಿದು ಕೂತಿತ್ತು. ಹಳೆಯ ಕ್ಯಾಮೆರಾಕ್ಕೆ ತುರುಕಿ ಅದನ್ನು ಪೆಟ್ಟಿಗೆಗೆ ಇಳಿಸಿಕೊಂಡರು. ಪೂರ್ತಿ ಇಳಿದ ಮೇಲೆ ಟೇಪು ಕ್ಯಾಮೆರಾದೊಳಗೇ ಸುತ್ತಿಕೊಂಡು ತುಂಡು ತುಂಡಾಯಿತು. ‘ಹೋದ್ರೆ ಹೋಗ್ಲಿ, ಒಳಗ್ ಬಂತಲ್ಲ’ ಎಂದು ನಕ್ಕರು. ಆದರೆ ತಾವು ಕತ್ತರಿಸಿ ಜೋಡಿಸಿದ ಹಳೆಯ ವಿಡಿಯೋ ಕೆಡಿಸಲು ಅವರಿಗೆ ಮನಸ್ಸಾಗಲಿಲ್ಲ. ಅದರ ಮೇಲೆ ಅವರಿಗೆ ಅಷ್ಟು ಜಂಬ. ಹಾಗಾಗಿ ಒಂದೇ ಚಿತ್ರಕ್ಕೆ ಎರಡು ಸದ್ದು ಕೂರಿಸಿದರು. ಮೊದಲನೆಯದು ಹಾಡು, ಎರಡನೆಯದು ಮಾತು. ಯಾವುದು ಬೇಕೋ ರಿಮೋಟಿನಲ್ಲಿ ಆರಿಸಿಕೊಳ್ಳುವುದು. ನೀವು ಕೇಳಿದಿರಾ, ಏನಂತಾಳೆ ಎಂದೆ. ‘ಪರದೆ ಮ್ಯಾಲೆ ಸದ್ದಿನ ಗೆರೆ ಏರಿಳಿಯೋದು ನೋಡಿ ತುಟಿಗೆ ಜೋಡ್ಸೀನಿ. ಕೇಳೋದು ನಿಮ್ಮಮ್ಮಾರು ಮೊದ್ಲು ಕೇಳ್ಲಿ’ ಎಂದರು. ಅದು ನನಗೂ ಸರಿ ಎನಿಸಿತು.

ನಮ್ಮ ಟಿವಿಯಲ್ಲಿ ಹಾಕಿದೆವು. ಎರಡನೆಯ ಸದ್ದು ಆರಿಸಿದೆ. ಜನರ ಗೌಜು, ಯಾರೋ ಕೆಮ್ಮಿದ್ದು, ಆಮೇಲೆ ಸ್ಪಷ್ಟವಾಗಿ ಅವಳು: ‘ಅಮ್ಮಾ, ನೀನು—’

ಅಷ್ಟೇ. ಚಿತ್ರ ನಿಂತಿತು. ಪರದೆಯ ಮೇಲೆ ಚಕ್ರವೊಂದು ಗಿರಗಿರ ತಿರುಗತೊಡಗಿತು. ಮತ್ತೆ ಹಾಕಿದರೂ ಅಲ್ಲಿಗೇ ಬಂದು ನಿಲ್ಲುವುದು. ಸಾಹೇಬರು ಮೊದಲು ತಂತಿಯನ್ನು ಬೈದು ಹೊಸದು ಎಳೆದರು. ಆಮೇಲೆ ಪೆನ್‌ಡ್ರೈವಿಗೆ ಹಾಕಿ ತಂದರು. ಇದು ನನಗೆ ಬಾರದ ಫೈಲು ಎಂದಿತು ಟಿವಿ. ಆಗ ಟಿವಿಯನ್ನು ಬೈದರು. ಅದನ್ನು ಕೊಂಡ ನನ್ನನ್ನೂ ಬಿಡಲಿಲ್ಲ. ಪೆಟ್ಟಿಗೆಯ ಮಗ್ಗುಲು ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿದರು. ಮಾಳಿಗೆಯಿಂದ ‘ಈಗ?’ ಎಂದು ಅವರು, ಅಂಗಳದಿಂದ ‘ಇಲ್ಲ!’ ಎಂದು ನಾನು. ಬೀದಿಯವರಿಗೆ ಒಳ್ಳೆಯ ನಾಟಕ. ನಾನು ಬ್ಯಾಂಕಿನಿಂದ ಬರುವ ಹೊತ್ತಿಗೆ ಅಮ್ಮ ತಲೆ ಬಾಚಿಸಿಕೊಂಡು ಟಿವಿಯ ಮುಂದೆ ಕೂತಿರುತ್ತಿದ್ದಳು, ಮಗಳನ್ನು ನೋಡಲು ಬೀಗರ ಮನೆಗೆ ಹೊರಟವಳಂತೆ. ‘ಅಮ್ಮಾ, ನೀನು’ ಎಂಬಲ್ಲಿಗೆ ನಿಂತರೆ ‘ಹೇಳೇ, ಹೇಳೇ’ ಎನ್ನುತ್ತಿದ್ದಳು.

ಕಡೆಗೆ ಅವರಿಗೆ ಗುಟ್ಟು ಸಿಕ್ಕಿತು. ‘ಈ ಫೈಲು ನಿಮ್ ಟಿವಿಗೆ ತಿಳಿಯಲ್ಲವ್ವ. ಪೆಟ್ಟಿಗೆ ಕುಂತಲ್ಲೇ ತರ್ಜುಮೆ ಮಾಡ್ತಾ ಮಾಡ್ತಾ ಕಳಿಸ್ಬೇಕು. ಟ್ರಾನ್ಸ್‌ಕೋಡಿಂಗ್ ಅಂತಾರೆ. ಮುದಿ ಪೆಟ್ಟಿಗೆ, ದಮ್ಮಿಲ್ಲ, ತೊದಲ್ತೈತೆ. ಮೊದ್ಲೇ ಪೂರ್ತಿ ತರ್ಜುಮೆ ಮಾಡಿ ಇಟ್ಬಿಟ್ರೆ ನೀರು ಹರ್ದಂಗೆ ಬರ್ತೈತೆ’ ಎಂದರು. ನನಗೂ ಧೈರ್ಯ ಬಂತು. ಅಮ್ಮನಿಗೆ ಅವರ ಮಾಳಿಗೆಯ ಮೆಟ್ಟಿಲು ಹತ್ತಲಾಗದು. ಇಲ್ಲದಿದ್ದರೆ ಅಲ್ಲೇ ಕೂರಿಸಿ ಕೇಳಿಸಿಬಿಡಬಹುದಿತ್ತು. ಅದನ್ನು ನೆನೆದರೆ ಇವತ್ತಿಗೂ ಆ ಮೆಟ್ಟಿಲುಗಳ ಮೇಲೆ ಸಿಟ್ಟು ಬರುತ್ತದೆ.

ತರ್ಜುಮೆ ಆಯಿತು. ಶುಕ್ರವಾರದ ನಮಾಜು ಮುಗಿಸಿ ಬಿಳಿ ಟೋಪಿಯಲ್ಲೇ ಅವರು ನಮ್ಮ ಮನೆಗೆ ಬಂದರು. ಗತ್ತಿನಿಂದ ರಿಮೋಟು ಹಿಡಿದು ‘ಕುಂತ್ಕಳ್ರಿ ಅಮ್ಮಾರೆ, ಇವತ್ತು ಮಗಳ ಕೂಡೆ ಮಾತಾಡ್ರಿ’ ಎಂದರು.

ಚಿತ್ರ ಎಲ್ಲೂ ತಡೆಯಲಿಲ್ಲ. ನಿಜವಾಗಿಯೂ ನೀರು ಹರಿದ ಹಾಗೆ. ತಂಗಿ ಬಾಗಿಲಿಗೆ ಬಂದಳು, ಅಮ್ಮನ ಕಡೆ ತಿರುಗಿದಳು, ತುಟಿ ಆಡಿತು. ಕೇಳಿದ್ದು ಹಾಡು. ಸಾಹೇಬರು ಸದ್ದು ಬದಲಿಸುವ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಎರಡನೆಯ ಸದ್ದು ಅಲ್ಲಿರಲೇ ಇಲ್ಲ. ಹಾಡಿನಲ್ಲಿ ಕೊಳಲು ಶುರುವಾಯಿತು. ಅವರು ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದರು.

ಬಹಳ ಹೊತ್ತಿನ ಮೇಲೆ ಬಂದು ಹೊಸ್ತಿಲ ಆಚೆಯೇ ನಿಂತರು. ಅಮ್ಮನನ್ನೇ ನೋಡುತ್ತಿದ್ದರೂ ಅವರ ಎರಡು ಕಣ್ಣೂ ತೆರೆದೇ ಇದ್ದದ್ದನ್ನು ನಾನು ಅಂದೇ ಮೊದಲು ಗಮನಿಸಿದ್ದು.

‘ಅಮ್ಮಾರೆ, ತರ್ಜುಮೆ ಮಾಡುವಾಗ ಎರಡು ಸದ್ದೂ ಇಟ್ಕ ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ಪೆಟ್ಟಿಗೆ ಮೊದಲ್ನೇದು ಇಟ್ಕಂಡು ಇನ್ನೊಂದು ಬಿಟ್ಬುಡ್ತು. ನಾನು ಚಿತ್ರ ಪೂರ್ತಿ ನೋಡ್ದೆ, ಸದ್ದು ಹಾಕಿ ನೋಡ್ಲಿಲ್ಲ. ಚೆನ್ನಾಗೈತೆ ಅಂತ ಹಳೇದೆಲ್ಲ ಅಳಿಸ್ಬುಟ್ಟೆ, ಟೇಪಿಂದ ಇಳಿಸಿದ್ದು, ಪೆನ್‌ಡ್ರೈವಿಂದು, ಎಲ್ಲಾ. ಜಾಗ ಇರ್ಲಿಲ್ಲ. ಪೆಟ್ಟಿಗೆದು ತಪ್ಪಲ್ಲ. ನಂದು.’

‘ಒಂದ್ಸಲ ಹೆರಿಗೇಲಿ ಹೋದ್ಲು. ಈಗ ನಿಮ್ ಕೈಯಾಗೆ ಹೋದ್ಲು’ ಎಂದು ಅಮ್ಮ ಗೋಡೆಗೆ ಮುಖ ತಿರುಗಿಸಿದಳು.

ನನಗೆ ಅವರನ್ನು ಬೈಯುವ ಶಕ್ತಿ ಇರಲಿಲ್ಲ, ಸಮಾಧಾನ ಹೇಳುವ ಮನಸ್ಸೂ ಇರಲಿಲ್ಲ. ಅಳಿಸಿದ್ದನ್ನು ವಾಪಸು ತೆಗೆಸಲೆಂದು ಅವರು ಪೆಟ್ಟಿಗೆಯ ಡಿಸ್ಕನ್ನು ದಾವಣಗೆರೆಗೆ ಹೊತ್ತೊಯ್ದರು. ಆ ಜಾಗದ ಮೇಲೆ ಆಗಲೇ ಇನ್ನಾರದೋ ಮದುವೆ ಬಂದು ಕೂತಿತ್ತು.

ಅಮ್ಮ ಅವರೊಡನೆ ಮಾತು ಬಿಟ್ಟಳು. ಅವರು ಬೀದಿಯಲ್ಲಿ ಹೋಗುವಾಗ ‘ಅಮ್ಮಾರೆ, ಆರಾಮಾ?’ ಎಂದರೆ ಒಳಗಿಂದ ಉತ್ತರವಿಲ್ಲ. ಆದರೂ ಅವರು ಕೇಳುವುದನ್ನು ಬಿಡಲಿಲ್ಲ. ಅದೇ ಕಾಲಕ್ಕೆ ಅವರ ಕಿವಿಯ ಮೇಲೆ ದಪ್ಪ ಹೆಡ್‌ಫೋನು ಬಂತು. ಬದುಕೆಲ್ಲ ಸದ್ದು ಬಂದ್ ಮಾಡಿದ್ದ ಮನುಷ್ಯ, ಅಳಿಯದೆ ಉಳಿದ ಮೂಲ ಟೇಪುಗಳನ್ನೆಲ್ಲ ಕೂತು ಕೇಳತೊಡಗಿದರು. ತಂಗಿ ಯಾವ ಯಾವ ಮದುವೆಗೆ ಹೋಗಿದ್ದಳು ಎಂದು ನನ್ನನ್ನು ಕೇಳಿ ತಿಳಿದುಕೊಂಡರು. ಹುಡುಕುವಾಗ ಬೇರೆಯವರ ದನಿ ಸಿಕ್ಕರೆ, ಹಾಡು ತೆಗೆದು ಆ ಮನೆಯವರಿಗೆ ಕೊಟ್ಟು ಬರುತ್ತಿದ್ದರು. ಎದುರು ಮನೆಯವರು ಸತ್ತ ಗಂಡ ಅಡುಗೆಯವರನ್ನು ಬೈಯುವುದನ್ನು ಕೇಳಿ ಬಿಕ್ಕಿದರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಒಂದು ದಿನ ಪೆನ್‌ಡ್ರೈವ್ ಹಿಡಿದು ಬಂದರು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತರು. ‘ಅಮ್ಮಾರೆ, ಸಿಕ್ಕಿದಾಳೆ. ತುರುವನೂರಾಗೆ ನಿಮ್ಮಣ್ಣನ ಮಗನ ಮದುವೆ. ಆದ್ರೆ ಮೊದ್ಲೇ ಹೇಳ್ತೀನಿ, ಇದರಾಗೆ ಅವಳ ಮಾತಿಲ್ಲ. ನಂದೈತೆ’ ಎಂದರು. ಅಮ್ಮ ಬೇಡ ಎನ್ನಲಿಲ್ಲ. ಹಾಕಿದೆ. ಚಪ್ಪರದಲ್ಲಿ ತಂಗಿ ತಟ್ಟೆ ಹಿಡಿದು ಕ್ಯಾಮೆರಾದ ಮುಂದೆ ಬಂದು ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ, ಕಿವಿಗೆ ರಾಚುವಂತೆ, ಸಾಹೇಬರ ಪ್ರಾಯದ ದನಿ: ‘ಏ, ಆ ಕಡೆ ಹೋಗವ್ವ! ಅಡ್ಡ ಬರ್ಬೇಡ!’ ಅವಳು ಬಾಯಿ ಮುಚ್ಚಿ ಪಕ್ಕಕ್ಕೆ ಹೋಗುತ್ತಾಳೆ. ಹೋಗುವಾಗ ಕೈತುಂಬ ತೊಟ್ಟ ಗಾಜಿನ ಬಳೆಗಳು ಸದ್ದು ಮಾಡುತ್ತವೆ.

‘ಎಲ್ಲಾ ಟೇಪಿನಾಗೂ ಹಿಂಗೇ. ಮೈಕು ಇದ್ದದ್ದು ನನ್ ಬಾಯಿ ಹತ್ರ. ಬೈಯೋದು, ಕೆಮ್ಮೋದು. ನನ್ ದನಿ ನನಗೇ ನಾಚಿಕೆ. ಅದಕ್ಕೇ ಹಾಡು ಹಾಕ್ತಿದ್ದೆ. ನನ್ನ ಮುಚ್ಚಾಕೆ ಹೋಗಿ ಎಲ್ಲಾರ್ನೂ ಮುಚ್ಚಿದೆ’ ಎಂದು ಅವರು ನೆಲ ನೋಡಿದರು.

ಅಮ್ಮ ಅಷ್ಟು ತಿಂಗಳ ಮೇಲೆ ಬಾಯಿ ಬಿಟ್ಟಳು. ‘ಹೆಣ್ಮಕ್ಕಳಿಗೆ ಹೋಗು ಅನ್ಬಾರ್ದು ಸಾಹೇಬ್ರೇ. ಹೋಗಿ ಬಾ ಅನ್ಬೇಕು.’

‘ಗೊತ್ತಿರ್ಲಿಲ್ಲ ಅಮ್ಮಾರೆ’ ಎಂದರು ಅವರು. ಗೊತ್ತಿರದೇನು, ನಮ್ಮ ಬೀದಿಯಲ್ಲೇ ಹುಟ್ಟಿದವರು.

‘ಇನ್ನೊಂದ್ಸಲ ಹಾಕ್ರಿ’ ಎಂದಳು ಅಮ್ಮ. ಅವರು ಹಾಕಿದರು. ಕೊನೆಯವರೆಗೂ, ಸದ್ದು ಪೂರ್ತಿ ಏರಿಸಿ, ತಾವೂ ಕೂತು ಕೇಳಿದರು.

ಕಳೆದ ಬೇಸಿಗೆಯಲ್ಲಿ ಎದೆನೋವು ಎಂದು ಆಟೋ ಹತ್ತಿದವರು ಜೀವಂತ ಮರಳಲಿಲ್ಲ. ಅವರ ಮಕ್ಕಳಿಗೆ ಪೆಟ್ಟಿಗೆ ನಡೆಸುವುದು ತಿಳಿಯದು, ಆರಿಸಿಬಿಟ್ಟರು. ಗೋಡೆಯ ಮೇಲಿಂದ ನಮ್ಮ ಮನೆಗೆ ಬಂದ ತಂತಿ ಹಾಗೇ ಜೋತಾಡುತ್ತಿದೆ, ಕಾಗೆ ಕೂರಲು. ಅಂದು ಅವರನ್ನು ಹೊತ್ತ ಜನಾಜಾ ನಮ್ಮ ಬಾಗಿಲ ಮುಂದೆಯೇ ಹಾದುಹೋಯಿತು. ನನ್ನ ತೋಳು ಹಿಡಿದು ಹೊಸ್ತಿಲವರೆಗೂ ಬಂದ ಅಮ್ಮ, ಕಾಲಸಪ್ಪಳ ಬಂದ ದಿಕ್ಕಿಗೆ ಕೈಮುಗಿದು ‘ಹೋಗಿ ಬರ್ರಿ ಸಾಹೇಬ್ರೇ’ ಎಂದಳು.

ತಂಗಿ ಏನು ಹೇಳಲು ಹೊರಟಿದ್ದಳೋ ನಮಗೆ ಇನ್ನು ತಿಳಿಯುವುದಿಲ್ಲ. ‘ಅಮ್ಮಾ, ನೀನು’ ಎಂಬಲ್ಲಿಗೆ ಅವಳ ಮಾತು ಮುಗಿಯಿತು. ಅದನ್ನು ಅಳಿಸಿದ ಕೈ ಯಾವುದೋ, ಬಳೆಯ ಸದ್ದನ್ನು ಹುಡುಕಿ ತಂದುಕೊಟ್ಟದ್ದೂ ಅದೇ ಕೈ. ಆ ಋಣವನ್ನು ಯಾವ ತಕ್ಕಡಿಯಲ್ಲಿ ತೂಗಬೇಕೋ ನನಗೆ ಗೊತ್ತಿಲ್ಲ.

ಈಗ ಅಮ್ಮ ಮಗಳನ್ನು ಹಾಕು ಎನ್ನುವುದಿಲ್ಲ. ‘ಸಾಹೇಬ್ರನ್ನ ಹಾಕು’ ಎನ್ನುತ್ತಾಳೆ. ಅದೇ ಪೆನ್‌ಡ್ರೈವ್ ಹಾಕುತ್ತೇನೆ. ಅವರು ಗದರುತ್ತಾರೆ. ಅವಳು ಹೋಗುತ್ತಾಳೆ. ಬಳೆಯ ಸದ್ದು ನಿಂತ ಮೇಲೂ ಅಮ್ಮ ಕಿವಿಗೊಟ್ಟು ಕೂತೇ ಇರುತ್ತಾಳೆ, ಟಿವಿಯನ್ನು ನಾನೇ ಆರಿಸಬೇಕು.