ಒಂದೇ ಕೋಶಕ್ಕೆ ಎರಡು ವಿಳಾಸ

ತಂಗಿ ಶರಣಮ್ಮ ನನಗೆ ಹೇಳಿದ್ದು ಒಂದೇ ಕೆಲಸ: ಬೋರ್ಡಿನ ಮುಚ್ಚಳ ಬಿಚ್ಚಿ ಒಂದು ವೈರು ಇದೆಯೋ ಇಲ್ಲವೋ ನೋಡುವುದು. ನಾನು ನೋಡಲಿಲ್ಲ. ನೋಡಿದ್ದೇನೆ ಎಂದೆ.

೧೯೮೭ರಲ್ಲಿ ನಾನು ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ವೈರ್‌ಮನ್ ಆಗಿದ್ದೆ. ಓದಿದ್ದು ಮಸರಕಲ್ಲಿನ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ. ಶರಣಮ್ಮ ಡಿಪ್ಲೊಮಾ ಮುಗಿಸಿ, ಗಿರಣಿಗಳಿಗೆ ಯಂತ್ರ ನಡೆಸುವ ಕಂಪ್ಯೂಟರ್ ಬೋರ್ಡು ಮಾಡಿಕೊಡುವ ಸಣ್ಣ ವರ್ಕ್‌ಶಾಪ್ ಸೇರಿದ್ದಳು. ಅರಳೆಯನ್ನು ಒತ್ತಿ ಬೇಲ್ ಕಟ್ಟುವ ನಮ್ಮ ಪ್ರೆಸ್ ಅಂಥದೇ ಬೋರ್ಡಿನಿಂದ ನಡೆಯುತ್ತಿತ್ತು. ಅದು ಬಹಳ ನಿಧಾನ. ಚುರುಕು ಮಾಡಲು ಅವಳು ಹೊಸ ಕಂಪೈಲರ್ ಬರೆದಳು.

ಮನುಷ್ಯರು ಬರೆದ ಸೂಚನೆಗಳನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರಿನ ಕೆಲಸ. ಅವಳು ನನಗೆ ತಿಳಿಸಿದ್ದು ಹೀಗೆ: ಮೆಮೊರಿ ಎಂದರೆ ಸಾಲು ಕೋಶಗಳು, ಪ್ರತಿ ಕೋಶಕ್ಕೂ ಒಂದು ವಿಳಾಸ. ಪ್ರತಿ ಸಲ ಹೋಗಿ ಓದಿದರೆ ಹೊತ್ತು ಹಿಡಿಯುತ್ತದೆ. ಒಮ್ಮೆ ಓದಿದ್ದನ್ನು ರಿಜಿಸ್ಟರಿನಲ್ಲಿ, ಅಂದರೆ ಯಂತ್ರದ ಅಂಗೈಯಲ್ಲಿ, ಹಿಡಿದುಕೊಂಡು ಅದನ್ನೇ ಬಳಸಬಹುದು. ನಡುವೆ ಆ ಕೋಶಕ್ಕೆ ಬೇರೇನಾದರೂ ಬರೆದರೆ ಮಾತ್ರ ಅಂಗೈಯಲ್ಲಿರುವುದು ಸುಳ್ಳಾಗುತ್ತದೆ. ಅದಕ್ಕೇ ಕಂಪೈಲರ್ ವಿಳಾಸಗಳನ್ನು ತಾಳೆ ನೋಡುತ್ತದೆ. ಎರಡೂ ಒಂದೇ ಕೋಶ ಎಂಬ ಸಂಶಯವಿದ್ದರೆ ಮತ್ತೆ ಓದಬೇಕು.

“ಯಣ್ಣಾ, ಹಳೇ ಬೋರ್ಡಿನಾಗ ವಿಳಾಸ ಒಯ್ಯೋ ವೈರಿನಾಗ ಮ್ಯಾಲಿನದೊಂದು ಹಾಕದ ಬಿಡ್ತಿದ್ರಂತ. ಬಿಟ್ಟಿದ್ರ ಎರಡು ವಿಳಾಸ ಒಂದ ಕೋಶಕ್ಕ ಹೋಗ್ತಾವ. ಬಿಚ್ಚಿ ನೋಡಿ ಹೇಳು,” ಎಂದಳು.

ಮರುದಿನ ಸ್ಕ್ರೂಡ್ರೈವರ್ ಹಿಡಿದು ಹೋದೆ. ಪ್ರೆಸ್ಸಿನ ಹಿಂದೆ ಬೇಲ್‌ಗೆ ಗೋಣಿತಟ್ಟು ಹೊದಿಸುವ ಮಾನ್ವಿಯ ಮೌಲಾಸಾಬ್ ನಕ್ಕ: “ಏನ್ರೀ ಮೇಸ್ತ್ರಿ, ತಂಗಿ ಹುಕುಂ ಆಗ್ಯದೇನು? ಮಷಿನ್ ನಿಂದ್ರಸ್ರಿ, ನಮಗೂ ಚಾ ಕುಡಿಯಾಕ ಹೊತ್ತು ಸಿಗತದ!”

ಎಲ್ಲರೂ ನಕ್ಕರು. ನಾನು ಹಿಂದಿರುಗಿದೆ. ಮನೆಯಲ್ಲಿ, “ಎರಡೂ ಬ್ಯಾರೆ ಬ್ಯಾರೆ ಅದಾವ,” ಎಂದೆ.

“ಬಿಚ್ಚಿ ನೋಡಿದೆಲ್ಲ?”

“ನೋಡೀನಿ ಬಿಡವ್ವಾ.”

ಹೊಸ ಕಂಪೈಲರ್ ಬಳಸಿದ ಮೇಲೆ ಪ್ರೆಸ್ ಚುರುಕಾಯಿತು. ಪ್ರೆಸ್ಸಿನ ಮುಂದೊಂದು, ಹಿಂದೊಂದು ಸ್ಟಾಪ್ ಗುಂಡಿ ಇದ್ದವು; ಮುಂದಿನದನ್ನು ಒತ್ತಿ ನೋಡಿದೆವು, ನಿಂತಿತು. ಹಿಂದಿನದನ್ನು ಯಾರೂ ಒತ್ತಲಿಲ್ಲ. ಆ ಗುಂಡಿ ‘ನಿಲ್ಲು’ ಎಂದು ಬರೆಯುತ್ತಿದ್ದುದು ಒಂದು ವಿಳಾಸಕ್ಕೆ, ಪ್ರೆಸ್ ಅದನ್ನು ಓದುತ್ತಿದ್ದುದು ಇನ್ನೊಂದು ವಿಳಾಸದಿಂದ, ಅಂದರೆ ಮುಂದಿನ ಗುಂಡಿ ಬರೆಯುತ್ತಿದ್ದ ವಿಳಾಸದಿಂದ. ವೈರು ಇಲ್ಲದ್ದರಿಂದಲೇ ಎರಡೂ ಒಂದೇ ಕೋಶವಾಗಿ ಇಷ್ಟು ದಿನ ಕೆಲಸ ನಡೆದಿತ್ತು. ಹಳೆಯ ಕಂಪೈಲರ್ ಪ್ರತಿ ಸಲ ಮತ್ತೆ ಓದಿಸುತ್ತಿತ್ತು. ನನ್ನ ಮಾತು ನಂಬಿ ಮಾಡಿದ ಹೊಸದು ಅಂಗೈಯಲ್ಲಿದ್ದುದನ್ನೇ ಬಳಸಿತು.

ಒಂದು ಮಧ್ಯಾಹ್ನ ಸಿಕ್ಕಿಬಿದ್ದ ಗೋಣಿತಟ್ಟು ಎಳೆಯಲು ಮೌಲಾಸಾಬ್ ಹಿಂದಿನ ಗುಂಡಿ ಒತ್ತಿ ಕೈ ಹಾಕಿದ. ಪ್ರೆಸ್ ನಿಲ್ಲಲಿಲ್ಲ. ಬಲಗೈ ಹೋಯಿತು.

ಅವನನ್ನು ಆಸ್ಪತ್ರೆಗೆ ಒಯ್ದ ಮೇಲೆ ನಾನು ಮುಚ್ಚಳ ಬಿಚ್ಚಿದೆ. ವೈರು ಇರಲಿಲ್ಲ. ಮುಚ್ಚಳ ಮತ್ತೆ ಹಾಕಿದೆ. ಮಾಲೀಕರು ಆ ಬೋರ್ಡನ್ನೇ ಕಿತ್ತು ಗುಜರಿಗೆ ಹಾಕಿಸಿದರು. ಹುಡುಗಿ ಬರೆದದ್ದೇ ತಪ್ಪು ಎಂದು ಎಲ್ಲರೂ ಹೇಳಿದರು, ನಾನು ಸುಮ್ಮನೆ ಕೇಳಿದೆ. ಅವಳ ಕೆಲಸ ಹೋಯಿತು. ಮದುವೆಯಾಗಿ ದೇವದುರ್ಗಕ್ಕೆ ಹೋದಳು. ಮೌಲಾಸಾಬ್ ಮಾನ್ವಿಯ ಸಂತೆಯಲ್ಲಿ ತಮ್ಮನ ಅಂಗಡಿ ಮುಂದೆ ಕೂರುತ್ತಾನೆ, ಅಂಗಿಯ ಒಂದು ತೋಳು ಮಡಚಿ.

ಎರಡು ವರ್ಷದ ಮೇಲೆ ದೇವದುರ್ಗಕ್ಕೆ ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: “ಯಣ್ಣಾ, ಇನ್ನೂ ಮನಸಿನಾಗ ನಾ ಬರೆದದ್ದನ್ನ ಓದಾಕತ್ತೀನಿ. ಎಲ್ಲಿ ತಪ್ಪೀನಿ, ತಿಳೀವಲ್ದು.”

ಸಂಶಯ ಬಂದಲ್ಲಿ ಮತ್ತೆ ನೋಡಬೇಕು. ಯಂತ್ರಕ್ಕೆ ಅವಳು ಕಲಿಸಿದ್ದನ್ನು ನಾನು ಕಲಿತದ್ದು ಒಬ್ಬನ ಕೈ ಹೋದ ಮೇಲೆ. ಈಗ ಹೇಳಿದರೆ ಆ ಕೈ ಬರುವುದಿಲ್ಲ, ಇವಳ ಕೆಲಸವೂ ಬರುವುದಿಲ್ಲ. ಆದರೂ ಅವಳು ಇಲ್ಲದ ತಪ್ಪನ್ನು ಹುಡುಕುತ್ತಲೇ ಇದ್ದಳು.

“ನೀ ಎಲ್ಲೂ ತಪ್ಪಿಲ್ಲ ಶರಣವ್ವ,” ಎಂದೆ. “ಆ ವೈರು ಇರಲಿಲ್ಲ. ನಾ ಅವತ್ತು ಬಿಚ್ಚಿ ನೋಡಿದ್ದಿಲ್ಲ. ಆಮ್ಯಾಲೆ ನೋಡಿದೆ, ಬಾಯಿ ಬಿಡಲಿಲ್ಲ. ನಂದ ತಪ್ಪಾತವ್ವ, ನನ್ನ ಮಾಫ್ ಮಾಡು.”